ಒಂದೇ ದಿನ ನಾಲ್ಕು ರೇಸ್: ಮಹಿಳೆಯರ ಓಮ್ನಿಯಂಗೆ ಇಳಿಯುವುದು ಹೇಗೆ?

ಓಮ್ನಿಯಂ ಎಂದರೆ ಹಲವು ರೇಸ್‌ಗಳ ಅಂಕ ಕೂಡಿಸಿ ಗೆದ್ದವರನ್ನು ತೀರ್ಮಾನಿಸುವ ಟ್ರ್ಯಾಕ್ ಸೈಕ್ಲಿಂಗ್ ಸ್ಪರ್ಧೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಓಮ್ನಿಯಂ ಮೊದಲ ಸಲ ನಡೆದಾಗ ಬ್ರಿಟನ್ನಿನ ಲಾರಾ ಟ್ರಾಟ್‌ಗೂ ಅಮೆರಿಕದ ಸಾರಾ ಹ್ಯಾಮರ್‌ಗೂ ನಡುವೆ ಉಳಿದ ಅಂತರ ಒಂದೇ ಅಂಕ. ಆಗ ಆರು ಸ್ಪರ್ಧೆಗಳಿದ್ದವು. ಪಡೆದ ಸ್ಥಾನಗಳನ್ನು ಕೂಡಿ, ಮೊತ್ತ ಕಡಿಮೆ ಬಂದವರಿಗೆ ಚಿನ್ನ ಕೊಡುತ್ತಿದ್ದರು. ಟ್ರಾಟ್ 18, ಹ್ಯಾಮರ್ 19. ರಿಯೊ ಒಲಿಂಪಿಕ್ಸ್ ಮುಗಿದ ಮೇಲೆ ಗಡಿಯಾರದ ಎದುರು ಒಂಟಿಯಾಗಿ ಓಡುವ ಸ್ಪರ್ಧೆಗಳನ್ನೆಲ್ಲ ತೆಗೆದುಹಾಕಿದರು. ಈಗ ಉಳಿದಿರುವುದು ಒಂದೇ ದಿನದಲ್ಲಿ ಮುಗಿಯುವ ನಾಲ್ಕು ಗುಂಪು ರೇಸ್‌ಗಳು: ಸ್ಕ್ರ್ಯಾಚ್, ಟೆಂಪೊ, ಎಲಿಮಿನೇಷನ್, ಪಾಯಿಂಟ್ಸ್. ಬಿಡಿ ರೇಸ್‌ಗಳಲ್ಲಿ ಪಳಗಿ ಈಗ ಓಮ್ನಿಯಂಗೆ ಇಳಿಯಲಿರುವವರಿಗೂ ಟ್ರ್ಯಾಕ್ ಪಕ್ಕದಲ್ಲಿ ನಿಂತು ಅವರಿಗೆ ಲೆಕ್ಕ ಕೂಗುವ ತರಬೇತುದಾರರಿಗೂ ಈ ಬರಹ.

ಮೊದಲು ಲೆಕ್ಕ

ಮೊದಲ ಮೂರು ರೇಸ್‌ಗಳಲ್ಲಿ ಗೆದ್ದವರಿಗೆ 40 ಅಂಕ, ಎರಡನೆಯವರಿಗೆ 38, ಮೂರನೆಯವರಿಗೆ 36. ಹೀಗೇ ಎರಡೆರಡು ಇಳಿಯುತ್ತಾ 20ನೆಯವರಿಗೆ 2 ಸಿಗುತ್ತದೆ. ಅದಕ್ಕೂ ಹಿಂದಿನವರಿಗೆಲ್ಲ 1. ಬಾಯಿಲೆಕ್ಕಕ್ಕೆ ಸುಲಭದ ದಾರಿ ಬೇಕೆಂದರೆ ನಿಮ್ಮ ಸ್ಥಾನವನ್ನು ದುಪ್ಪಟ್ಟು ಮಾಡಿ 42ರಿಂದ ಕಳೆಯಿರಿ. ಆರನೇ ಸ್ಥಾನಕ್ಕೆ 30. ಗೆದ್ದವರಿಗೂ ಆರನೆಯವರಿಗೂ ಇರುವ ಅಂತರ ಹತ್ತೇ ಅಂಕ. ಕೊನೆಯ ರೇಸ್‌ನಲ್ಲಿ ತಲಾ 5 ಅಂಕದ ಎರಡು ಸ್ಪ್ರಿಂಟ್ (ಗೆರೆಯತ್ತ ಜೋರು ಓಟ) ಗೆದ್ದರೆ ಅದು ತುಂಬುತ್ತದೆ. ಹದಿನೈದನೇ ಸ್ಥಾನಕ್ಕೆ ಜಾರಿದರೆ 28 ಅಂಕ ಹೋಯಿತು, ಅದನ್ನು ತುಂಬಿಕೊಳ್ಳುವುದು ಬಹಳ ಕಷ್ಟ. ಇಡೀ ದಿನದ ತಂತ್ರ ಈ ಲೆಕ್ಕದಲ್ಲೇ ಇದೆ. ಮೂರು ರೇಸ್‌ಗಳಲ್ಲಿ ಮೊದಲ ಆರರೊಳಗೆ ಇರಿ, ಒಂದರಲ್ಲೂ ಕುಸಿಯಬೇಡಿ, ನಾಲ್ಕನೆಯದಕ್ಕೆ ಕಾಲು ಉಳಿಸಿಕೊಳ್ಳಿ.

ಹಿಂದಿನ ದಿನ: ಸೈಕಲ್

ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲ, ಗಿಯರ್ ಒಂದೇ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ಹಾಗಾಗಿ ಗಿಯರ್ ಆಯ್ಕೆ ಮುಖ್ಯ. ಮುಂದೆ 56 ಹಲ್ಲು, ಹಿಂದೆ 14 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 8.4 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 50 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 99 ಸಲ ತುಳಿಯಬೇಕು, 60 ಕಿ.ಮೀ. ಸ್ಪ್ರಿಂಟ್‌ಗೆ 119 ಸಲ. 54ಕ್ಕೆ 15 ಹಾಕಿದರೆ ಇದೇ ವೇಗಗಳಿಗೆ 110 ಮತ್ತು 132 ಬೇಕಾಗುತ್ತದೆ. ದೊಡ್ಡ ಗಿಯರ್ ಸಮವೇಗದಲ್ಲಿ ಹಿತವೆನಿಸಿದರೂ ವೇಗ ಕುಸಿದು ಮತ್ತೆ ಏರುವ ಎಲಿಮಿನೇಷನ್‌ನಲ್ಲಿ ತೊಡೆ ಹಿಂಡುತ್ತದೆ. ರೇಸ್‌ಗಳ ನಡುವೆ ಹಲ್ಲಿನ ಚಕ್ರ ಬದಲಿಸಬಹುದು. ಆದರೆ ಅಭ್ಯಾಸದಲ್ಲಿ ಓಡಿಸಿ ನೋಡದ ಗಿಯರನ್ನು ಸ್ಪರ್ಧೆಯ ದಿನ ಹಾಕಬೇಡಿ.

ಬದಲಿಸಿದಾಗಲೆಲ್ಲ ಚೈನಿನ ಬಿಗಿ ನೋಡಿ. ಮುಂದಿನ ಹಲ್ಲಿನ ಚಕ್ರ ಪೂರ್ತಿ ದುಂಡಗಿರುವುದು ಅಪರೂಪ. ಹಾಗಾಗಿ ಪೆಡಲನ್ನು ನಿಧಾನ ತಿರುಗಿಸಿ, ಚೈನ್ ಅತಿ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿ ನಡುಮಧ್ಯೆ ಸುಮಾರು ಒಂದು ಸೆಂ.ಮೀ. ಆಡುವಂತೆ ಹಿಂದಿನ ಚಕ್ರ ಕೂರಿಸಿ. ಸಡಿಲ ಜಾಗದಲ್ಲಿ ಅಳತೆ ಮಾಡಿ ಬಿಗಿ ಮಾಡಿದರೆ ಬಿಗಿ ಜಾಗದಲ್ಲಿ ಚೈನ್ ಹಿಡಿದುಕೊಳ್ಳುತ್ತದೆ. ತೀರಾ ಸಡಿಲ ಬಿಟ್ಟರೆ ಹಲ್ಲಿನಿಂದ ಕಳಚಿ ಹಿಂದಿನ ಚಕ್ರ ಕಚ್ಚಿಕೊಳ್ಳಬಹುದು, ಆಗ ಬೀಳುವುದು ನೀವೊಬ್ಬರೇ ಅಲ್ಲ. ಟೈರನ್ನು ಅಂಟಿನಿಂದ ಕೂರಿಸಿದ್ದರೆ ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಎಲ್ಲಾದರೂ ಎದ್ದು ಬಂದರೆ ಆ ಚಕ್ರ ಬೇಡ.

ಸ್ಕ್ರ್ಯಾಚ್: ಬೀಳದೆ ಮುಗಿಸಿ

ಪ್ಯಾರಿಸ್ 2024ರಲ್ಲಿ ಮಹಿಳೆಯರ ಸ್ಕ್ರ್ಯಾಚ್ 7.5 ಕಿ.ಮೀ. ಇತ್ತು, ಎಂದರೆ 250 ಮೀಟರ್ ಟ್ರ್ಯಾಕ್‌ನಲ್ಲಿ 30 ಸುತ್ತು. ನಡುವೆ ಯಾವ ಅಂಕವೂ ಇಲ್ಲ, ಕೊನೆಯಲ್ಲಿ ಗೆರೆ ದಾಟಿದ ಕ್ರಮವೇ ಫಲಿತಾಂಶ. ಎಲ್ಲರ ಕಾಲೂ ತಾಜಾ ಇರುವುದರಿಂದ ಕೊನೆಯ ಐದು ಸುತ್ತುಗಳಲ್ಲಿ ನೂಕುನುಗ್ಗಲು ಜೋರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದೇ ರೇಸ್‌ನ ಕೊನೆಯಲ್ಲಿ ಹಲವರು ಒಟ್ಟಿಗೆ ಬಿದ್ದರು. ಅವರಲ್ಲಿ ಲಾರಾ ಕೆನಿಯೂ ಒಬ್ಬರು (ಮದುವೆಗೆ ಮುಂಚಿನ ಲಾರಾ ಟ್ರಾಟ್). ಎದ್ದು ಬಂದು ಮುಂದಿನ ಟೆಂಪೊ ಗೆದ್ದರೂ ಅವರು ಒಟ್ಟಾರೆ ಆರನೆಯವರಾದರು. ಎರಡು ಸಲದ ಚಾಂಪಿಯನ್‌ಗೂ ಮೊದಲ ರೇಸ್‌ನ ನಷ್ಟ ತುಂಬಿಕೊಳ್ಳಲು ಆಗಲಿಲ್ಲ.

ಕೊನೆಯ ಆರು ಸುತ್ತುಗಳಿಗೆ ಮೊದಲೇ ಮೂರರಿಂದ ಆರನೇ ಜಾಗದೊಳಗೆ ಸೇರಿಕೊಳ್ಳಿ. ಟ್ರ್ಯಾಕ್ ಹೊರಗಡೆಗೆ ಓರೆಯಾಗಿ ಮೇಲೇರುತ್ತದೆ; ಗುಂಪಿನ ನಡುವೆ ಕೆಳಗಿನ ಕಪ್ಪು ಗೆರೆಗೆ ಅಂಟಿಕೊಂಡು ಕೂತರೆ ಮೇಲಿನವರು ಬಾಗಿಲು ಮುಚ್ಚಿದ ಹಾಗೆ ಮುಚ್ಚಿಬಿಡುತ್ತಾರೆ. ದಾಟುವುದಾದರೆ ಹೊರಗಿನಿಂದಲೇ ದಾಟಿ. ಒಳಗೆ ನುಗ್ಗಿದರೆ ಅಪಾಯವೂ ಹೌದು, ಶಿಕ್ಷೆಯೂ ಬೀಳುತ್ತದೆ.

ಟೆಂಪೊ: ಎರಡನೆಯವರಿಗೆ ಏನೂ ಇಲ್ಲ

ಇದೂ 30 ಸುತ್ತು. ಆರಂಭದ ಕೆಲವು ಸುತ್ತು ಬಿಟ್ಟರೆ ಪ್ರತಿ ಸುತ್ತಿನಲ್ಲೂ ಮೊದಲು ಗೆರೆ ದಾಟಿದವರಿಗೆ ಒಂದು ಅಂಕ. ಗುಂಪಿಗಿಂತ ಒಂದು ಸುತ್ತು ಮುಂದಾದರೆ ಹೆಚ್ಚುವರಿ ಅಂಕ. ಹೊಸಬರು ಗೊಂದಲಪಡುವ ವಿಷಯ ಒಂದಿದೆ. ಈ ಅಂಕಗಳು ಟೆಂಪೊದೊಳಗಿನ ಸ್ಥಾನ ತೀರ್ಮಾನಿಸಲು ಮಾತ್ರ. ಒಟ್ಟು ಪಟ್ಟಿಗೆ ಹೋಗುವುದು ಆ ಸ್ಥಾನಕ್ಕೆ ಸಲ್ಲುವ 40, 38, 36.

ಪ್ರತಿ ಸುತ್ತಿಗೂ ಸ್ಪ್ರಿಂಟ್ ಹೊಡೆದು ಎರಡನೆಯವರಾಗುವುದು ಶುದ್ಧ ವ್ಯರ್ಥ. ಅದರ ಬದಲು ಗುಂಪು ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡುವಾಗ ಮೇಲಿನಿಂದ ಇಳಿಜಾರಿನ ವೇಗ ಹಿಡಿದು ಹೊರಡಿ. ಗುಂಪು 48 ಕಿ.ಮೀ. ವೇಗದಲ್ಲಿದ್ದು ನೀವು 53ರಲ್ಲಿ ಇದ್ದರೆ 250 ಮೀಟರ್ ಗಳಿಸಲು ಮೂರು ನಿಮಿಷ, ಎಂದರೆ ಹತ್ತಕ್ಕೂ ಹೆಚ್ಚು ಸುತ್ತು ಬೇಕು. ಒಂಟಿಯಾಗಿ ಅದು ಸುಡುತ್ತದೆ. ಇಬ್ಬರು ಮೂವರು ಸೇರಿ ಮುಂದೆ ಗಾಳಿ ಸೀಳುವ ಕೆಲಸವನ್ನೂ ಸುತ್ತಿನ ಅಂಕವನ್ನೂ ಸರದಿಯಲ್ಲಿ ಹಂಚಿಕೊಂಡರೆ ಸಾಧ್ಯ. ಐದಾರು ಸುತ್ತಿನ ಬಳಿಕವೂ ಅಂತರ ಅರ್ಧ ಟ್ರ್ಯಾಕ್ ಮುಟ್ಟದಿದ್ದರೆ ಸಿಕ್ಕ ಅಂಕ ಹಿಡಿದುಕೊಂಡು ಗುಂಪಿಗೆ ಮರಳಿ.

ನಡುವಿನ ಹೊತ್ತು

ರೇಸ್‌ಗಳ ನಡುವಿನ ಬಿಡುವು ಸಾಮಾನ್ಯವಾಗಿ ಒಂದು ಗಂಟೆಯನ್ನೂ ಮುಟ್ಟುವುದಿಲ್ಲ. ಇಳಿದ ಕೂಡಲೇ ಕುರ್ಚಿ ಹಿಡಿಯಬೇಡಿ. ರೋಲರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸಾಧನ) ಮೇಲೆ ಎಂಟು ಹತ್ತು ನಿಮಿಷ ಹಗುರವಾಗಿ ತುಳಿಯಿರಿ. ನಂತರ ದ್ರವ ರೂಪದಲ್ಲಿ 30–40 ಗ್ರಾಂ ಸಕ್ಕರೆಯಂಶ, ಒಣ ಬಟ್ಟೆ, ಕಾಲು ಚಾಚಿ ಹದಿನೈದು ನಿಮಿಷ. ಮತ್ತೆ ಐದಾರು ನಿಮಿಷ ಮೈ ಬಿಸಿ ಮಾಡಿಕೊಂಡು ಹೊರಡಿ. ಗಟ್ಟಿ ಆಹಾರ ಬೆಳಗ್ಗೆಯೇ ಮುಗಿದಿರಬೇಕು.

ಎಲಿಮಿನೇಷನ್: ಕಣ್ಣು ಹಿಂದೆ ಇರಲಿ

ಎರಡು ಸುತ್ತಿಗೊಮ್ಮೆ ಕೊನೆಯವರು ಹೊರಗೆ. ನೋಡುವುದು ಹಿಂದಿನ ಚಕ್ರವನ್ನು: ಯಾರ ಹಿಂದಿನ ಚಕ್ರ ಕೊನೆಗೆ ಗೆರೆ ದಾಟಿತೋ ಅವರು ಇಳಿಯಬೇಕು. 22 ಮಂದಿ ಇದ್ದರೆ ಇಪ್ಪತ್ತು ಸಲ ಈ ಕತ್ತರಿ ಬೀಳುತ್ತದೆ, ಉಳಿದಿಬ್ಬರು ಸ್ಪ್ರಿಂಟ್ ಮಾಡುತ್ತಾರೆ. ಒಟ್ಟು ಹತ್ತು ಕಿಲೋಮೀಟರ್ ಮೇಲಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಓಮ್ನಿಯಂನ ಅತಿ ಕ್ರೂರ ರೇಸ್ ಇದು, ಏಕೆಂದರೆ ಕಾಲಿನಲ್ಲಿ ಶಕ್ತಿ ಇದ್ದೂ ಹೊರಬೀಳಬಹುದು. ಹಾಗೆ ಬೀಳುವವರಲ್ಲಿ ಹೆಚ್ಚಿನವರು ಕೆಳಗಿನ ದಾರಿಯಲ್ಲಿ, ಗುಂಪಿನ ಹಿಂಭಾಗದಲ್ಲಿ ಸಿಕ್ಕಿಕೊಂಡವರು. ಮುಂದೆ ಗೋಡೆ, ಪಕ್ಕದಲ್ಲಿ ಗೋಡೆ, ಒಳಗಿನ ನೀಲಿ ಪಟ್ಟಿಗೆ ಇಳಿದು ಮುಂದೆ ಬಂದರೆ ಅದೂ ತಪ್ಪು. ಸುರಕ್ಷಿತ ಜಾಗ ಎರಡು. ಒಂದು, ಮುಂದಿನ ನಾಲ್ಕೈದು ಮಂದಿಯೊಳಗೆ; ಖರ್ಚು ಹೆಚ್ಚು, ಭಯ ಕಡಿಮೆ. ಇನ್ನೊಂದು, ಗುಂಪಿನ ಹೊರ ಅಂಚಿನಲ್ಲಿ. ಎರಡನೇ ಸುತ್ತಿನ ಕೊನೆಯ ತಿರುವಿನಲ್ಲಿ ಮೇಲಿನಿಂದ ನಾಲ್ಕು ಜೋರು ತುಳಿತ ಹಾಕಿದರೆ ಇಬ್ಬರನ್ನು ದಾಟಬಹುದು. ಆದರೆ ಹೊರಗಿನ ದಾರಿ ಉದ್ದ. ಒಂದು ಮೀಟರ್ ಮೇಲೆ ಓಡಿದರೆ ಸುತ್ತಿಗೆ ಹೆಚ್ಚುಕಡಿಮೆ ಐದು ಮೀಟರ್ ಜಾಸ್ತಿ. ಮೊದಲರ್ಧ ಹೊರಗಿರಿ, ಹತ್ತು ಮಂದಿ ಉಳಿದ ಮೇಲೆ ಮುಂದೆ ಬನ್ನಿ. ಗೆರೆ ದಾಟಿದ ಕೂಡಲೇ ಎಲ್ಲರೂ ಉಸಿರು ಬಿಡುತ್ತಾರೆ. ಖರ್ಚಿಲ್ಲದೆ ಜಾಗ ಹಿಡಿಯಲು ಅದೇ ಹೊತ್ತು.

ಪಾಯಿಂಟ್ಸ್: ಪಟ್ಟಿ ತಲೆಯಲ್ಲಿರಲಿ

ಪ್ಯಾರಿಸ್‌ನಲ್ಲಿ ಇದು 20 ಕಿ.ಮೀ., 80 ಸುತ್ತು. ಹತ್ತು ಸುತ್ತಿಗೊಂದು ಸ್ಪ್ರಿಂಟ್. ಮೊದಲ ನಾಲ್ವರಿಗೆ 5, 3, 2, 1. ಕೊನೆಯದಕ್ಕೆ ದುಪ್ಪಟ್ಟು: 10, 6, 4, 2. ಒಂದು ಸುತ್ತು ಗಳಿಸಿದರೆ 20 ಸೇರುತ್ತದೆ, ಕಳೆದುಕೊಂಡರೆ 20 ಹೋಗುತ್ತದೆ. ಇಲ್ಲಿನ ಅಂಕಗಳು ನೇರವಾಗಿ ಒಟ್ಟು ಮೊತ್ತಕ್ಕೆ ಕೂಡುತ್ತವೆ. ಎಂಟು ಸ್ಪ್ರಿಂಟ್‌ಗಳಲ್ಲಿ ಎಲ್ಲರಿಗೂ ಸೇರಿ ಇರುವುದು 99 ಅಂಕ. ಒಂದು ಸುತ್ತು ಎಂದರೆ ನಾಲ್ಕು ಸ್ಪ್ರಿಂಟ್ ಗೆದ್ದಂತೆ.

ನೀವು 104ರಲ್ಲಿದ್ದು ಮುಂದಿನವರು 110ರಲ್ಲಿದ್ದಾರೆ ಅಂದುಕೊಳ್ಳಿ. ಪ್ರತಿ ಸ್ಪ್ರಿಂಟ್‌ಗೂ ಕೈ ಹಾಕಬೇಕಿಲ್ಲ. ಅವರ ಹಿಂದಿನ ಗಾಳಿಮರೆಯಲ್ಲಿ ಕೂತು ಮೂರು ಸ್ಪ್ರಿಂಟ್‌ಗಳಲ್ಲಿ ನೀವು ಮೊದಲನೆಯವರು, ಅವರು ಎರಡನೆಯವರು ಆದರೂ ಅಂತರ ಕರಗುತ್ತದೆ. ನೀವೇ ಮುಂದಿದ್ದರೆ ಪಟ್ಟಿಯಲ್ಲಿ 20 ಅಂಕದೊಳಗೆ ಹಿಂದಿರುವವರು ಹೊರಟಾಗ ಮಾತ್ರ ಬೆನ್ನು ಹತ್ತಿ. 40 ಹಿಂದಿರುವವರು ಹೋದರೆ ಹೋಗಲಿ. ದಾಳಿಗೆ ಒಳ್ಳೆಯ ಹೊತ್ತು ಸ್ಪ್ರಿಂಟ್ ಮುಗಿದ ಕೂಡಲೇ. ಆಗ ಸ್ಪ್ರಿಂಟ್ ಹೊಡೆದವರ ಕಾಲು ಉರಿಯುತ್ತಿರುತ್ತದೆ, ಮುಂದಿನ ಸ್ಪ್ರಿಂಟ್‌ಗೆ ಹತ್ತು ಸುತ್ತು ಬಾಕಿ ಇರುತ್ತದೆ. ಟೈರ್ ಪಂಕ್ಚರ್ ಆದರೆ ಅಥವಾ ಬಿದ್ದರೆ ಗಾಬರಿ ಬೇಡ. ಅಧಿಕಾರಿಗಳು ಒಪ್ಪಿದ ಅವಘಡಕ್ಕೆ ಸುಮಾರು 1,300 ಮೀಟರ್, ಅಂದರೆ ಐದು ಸುತ್ತಿನ ವಿನಾಯಿತಿ ಇದೆ. ಅಷ್ಟರಲ್ಲಿ ಬದಲಿ ಸೈಕಲ್ ಸಿದ್ಧವಿರಬೇಕು.

ಒಟ್ಟು ಮೊತ್ತ ಸಮವಾದರೆ ಕೊನೆಯ ಸ್ಪ್ರಿಂಟ್‌ನಲ್ಲಿ ಮುಂದಿದ್ದವರೇ ಮೇಲು. ಆದ್ದರಿಂದ ಅಂಕ ಸಿಗದ ಐದನೇ ಸ್ಥಾನಕ್ಕೂ ಗೆರೆಯವರೆಗೆ ತುಳಿಯಿರಿ. ದಾಟಿದ ಮೇಲೂ ಪೆಡಲ್ ನಿಲ್ಲಿಸಬೇಡಿ, ಕೈ ಎತ್ತುವ ಮುನ್ನ ಹಿಂದೆ ಯಾರಿದ್ದಾರೆ ನೋಡಿ. ಸಾಲು ಬಿಡದೆ ಒಂದು ತಿರುವು ದಾಟಿ, ಆಮೇಲೆ ನಿಧಾನವಾಗಿ ಮೇಲೇರಿ ವೇಗ ಕಳೆಯಿರಿ.