ಎನ್‌ಐವಿ ಮಾಸ್ಕ್ ತೆಗೆಯದೆ ಬ್ರಾಂಕೋಸ್ಕೋಪಿ ಮಾಡುವ ಕ್ರಮ

ಏದುಸಿರು ಬಿಡುತ್ತಿರುವ ರೋಗಿಯ ಶ್ವಾಸನಾಳಕ್ಕೆ ಬ್ರಾಂಕೋಸ್ಕೋಪ್ (ಒಳಗೆ ನೋಡುವ ಕ್ಯಾಮೆರಾ ಕೊಳವೆ) ಇಳಿಸಿದರೆ ಗಾಳಿಯ ದಾರಿ ಕಿರಿದಾಗುತ್ತದೆ, ಸಕ್ಷನ್ ಕಫದೊಡನೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಲವಾಜ್‌ಗೆಂದು (ಪರೀಕ್ಷೆಗಾಗಿ ಶ್ವಾಸಕೋಶದ ಒಂದು ಭಾಗ ತೊಳೆಯಲೆಂದು) ಬಿಟ್ಟ ಸಲೈನಿನಲ್ಲಿ ಒಂದು ಪಾಲು ಒಳಗೇ ಉಳಿಯುತ್ತದೆ. ಹೀಗೆ ಕುಸಿಯುವ ಆಮ್ಲಜನಕವನ್ನು ಎನ್‌ಐವಿಯ (ಟ್ಯೂಬಿಲ್ಲದೆ ಮಾಸ್ಕ್ ಮೂಲಕ ಯಂತ್ರ ಕೊಡುವ ಉಸಿರಿನ ನೆರವು) ಒತ್ತಡ ಒಂದು ಮಟ್ಟಿಗೆ ಎತ್ತಿ ಹಿಡಿಯುತ್ತದೆ. ಆದರೆ ರೋಗಿಗೆ ಶ್ವಾಸನಾಳದೊಳಗೆ ಉಸಿರಾಟದ ಟ್ಯೂಬ್ ಬೇಕೇ ಬೇಡವೇ ಎಂಬ ತೀರ್ಮಾನವನ್ನು ಅದು ನಮ್ಮ ಬದಲು ಮಾಡುವುದಿಲ್ಲ.

ಪ್ರಜ್ಞೆ ಮಂಕಾಗಿರುವವರು, ವಾಂತಿ ಮಾಡುತ್ತಿರುವವರು, ಬಿಪಿ ನಿಲ್ಲದವರು, ಮುಖಕ್ಕೆ ಪೆಟ್ಟಾದವರು ಈ ವಿಧಾನಕ್ಕೆ ತಕ್ಕವರಲ್ಲ. ಶೇ. 100 ಆಮ್ಲಜನಕದಲ್ಲೂ ಸ್ಯಾಚುರೇಷನ್ (ರಕ್ತದ ಆಮ್ಲಜನಕ ಮಟ್ಟ) ಶೇ. 90 ದಾಟದಿದ್ದರೆ ಮೊದಲು ಇಂಟ್ಯುಬೇಟ್ ಮಾಡುವುದೇ (ಆ ಟ್ಯೂಬ್ ಇಳಿಸುವುದೇ) ಲೇಸು. ಬೆಂಗಳೂರಿನ ಮಳೆಗಾಲದಲ್ಲಿ ಡೆಂಗಿಯೂ ಜೊತೆಗಿರಬಹುದಾದ್ದರಿಂದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಣಿಕೆ ನೋಡದೆ ಮೂಗಿನ ಮೂಲಕ ಹೋಗಬಾರದು. ಎಣಿಕೆ ಕಡಿಮೆಯಿದ್ದರೆ ಹಲ್ಲುಗಳ ನಡುವೆ ಬೈಟ್ ಬ್ಲಾಕ್ ಇಟ್ಟು ಬಾಯಿಯ ದಾರಿ ಹಿಡಿಯಬೇಕು. ಕ್ಷಯದ ಶಂಕೆ ಇದ್ದೇ ಇರುವ ಕಾರಣ ಕೋಣೆಯಲ್ಲಿರುವ ಎಲ್ಲರಿಗೂ ಎನ್95 ಕಡ್ಡಾಯ.

ಮಾಸ್ಕ್ ಕೂರಿಸುವ ಕೆಲಸಕ್ಕೆ ಅವಸರ ಸಲ್ಲದು. ಮೂಗುತಿಯ ಪಕ್ಕದಲ್ಲಿ ಸಣ್ಣಗೆ ಸುಯ್ಯೆಂದು ಸೋರುವ ಗಾಳಿ ಕೆಲವೊಮ್ಮೆ ಇಡೀ ಪ್ರಯತ್ನವನ್ನು ಕೆಡಿಸುತ್ತದೆ. ಮನೆಯವರಿಗೆ ಕಾರಣ ತಿಳಿಸಿ ಮೂಗುತಿಯನ್ನು ಬಿಚ್ಚಿಸಿ ಅವರ ಕೈಗೇ ಕೊಡಬೇಕು. ಮಾಸ್ಕ್ ಮತ್ತು ಸರ್ಕ್ಯೂಟ್ ನಡುವೆ ಸ್ಕೋಪ್ ತೂರಿಸಲು ರಬ್ಬರ್ ಮುಚ್ಚಳದ ಸ್ವಿವೆಲ್ ಕನೆಕ್ಟರ್ ಜೋಡಿಸಿ, ಪೀಪ್ (ಉಸಿರು ಬಿಟ್ಟ ಮೇಲೂ ಉಳಿಸುವ ಒತ್ತಡ) 5, ಪ್ರೆಶರ್ ಸಪೋರ್ಟ್ (ಉಸಿರೆಳೆಯುವಾಗ ಕೊಡುವ ಒತ್ತಡ) 10 ಸೆಂ.ಮೀ. ನೀರಿನ ಆಸುಪಾಸಿನಲ್ಲಿ ಆರಂಭಿಸಿ, ಶೇ. 100 ಆಮ್ಲಜನಕದಲ್ಲಿ 10ರಿಂದ 15 ನಿಮಿಷ ಬಿಡಬೇಕು. ಆ ಹೊತ್ತಿನಲ್ಲಿ ರೋಗಿಯ ಕೈ ಹಿಡಿದು, “ಅಮ್ಮಾ, ಕೆಮ್ಮು ಬರುತ್ತೆ, ಮಾಸ್ಕ್ ಕೀಳಬೇಡಿ, ತಡೆಯೋಕಾಗದಿದ್ರೆ ಕೈ ಎತ್ತಿ” ಎಂದು ಹೇಳಿದರೆ ನಿದ್ರೆಯ ಔಷಧಿ ಎಷ್ಟೋ ಉಳಿಯುತ್ತದೆ. ಗಂಟಲು ಮರಗಟ್ಟಿಸಲು ಕೊಡುವ ಲಿಗ್ನೊಕೇನ್‌ನ ಒಟ್ಟು ಪ್ರಮಾಣವನ್ನು ಬರೆದಿಡುತ್ತಾ ಹೋಗಬೇಕು.

ಸ್ಕೋಪ್ ಹಿಡಿದವರು ಪರದೆ ನೋಡುತ್ತಾರೆ, ಮಾನಿಟರ್ ನೋಡುವುದಿಲ್ಲ. ಆದ್ದರಿಂದ ಮಾಸ್ಕ್, ವೆಂಟಿಲೇಟರ್, ಸ್ಯಾಚುರೇಷನ್ ಮೂರರ ಹೊಣೆ ಇನ್ನೊಬ್ಬ ವೈದ್ಯರದು. ಅವರು “ನಿಲ್ಲಿಸಿ” ಎಂದರೆ ಮರುಮಾತಿಲ್ಲದೆ ಸ್ಕೋಪ್ ಹೊರಬರಬೇಕು. ಸಕ್ಷನ್ ಗುಂಡಿಯನ್ನು ಒಮ್ಮೆಗೆ ಕೆಲವೇ ಸೆಕೆಂಡು ಒತ್ತಿ ಬಿಡಬೇಕು. ಕಫ ಕಂಡಿತೆಂದು ಒತ್ತಿಯೇ ಹಿಡಿದರೆ ಪೀಪ್ ಮಾಯವಾಗುತ್ತದೆ. ಲವಾಜ್ ಸಲೈನನ್ನು ಸಣ್ಣ ಸಣ್ಣ ಪಾಲುಗಳಲ್ಲಿ ಬಿಡುವುದು ಕ್ಷೇಮ. ಇಂಟ್ಯುಬೇಷನ್ ಸಾಮಗ್ರಿ ಬೀರುವಿನಲ್ಲಿದ್ದರೆ ಸಾಲದು, ಹಾಸಿಗೆಯ ತಲೆದೆಸೆಯಲ್ಲಿ ತೆರೆದಿರಬೇಕು.

ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಎನ್‌ಐವಿ ಮುಂದುವರಿಸಿ, ಆಮ್ಲಜನಕವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಸ್ಥಿತಿ ಹದಗೆಡುವುದು ಮುಂದಿನ ಕೆಲವು ಗಂಟೆಗಳಲ್ಲೂ ಉಂಟು. ಗಂಟಲಿನ ಜೋಮು ಪೂರ್ತಿ ಇಳಿಯುವ ತನಕ ರೋಗಿ ಎಷ್ಟೇ ಕೇಳಿದರೂ ಒಂದು ಗುಟುಕು ಕಾಫಿಯನ್ನೂ ಕೊಡಬಾರದು.