ಮಾತ್ರೆ ಬಿಟ್ಟು ಹಲ್ಲು ಕೀಳಿಸಲು ಬಂದ ಅಮ್ಮ

"ಹಲ್ಲು ಕೀಳಿಸಬೇಕು ಅಂತ ನಾಲ್ಕು ದಿನದಿಂದ ಮಾತ್ರೆ ಬಿಟ್ಟಿದ್ದೀನಿ ಡಾಕ್ಟ್ರೇ" ಅಂದರು ಆ ಅಮ್ಮ. ನನಗೆ ಎದೆ ಝಲ್ಲೆಂದಿತು. ಅವರ ಹೃದಯದಲ್ಲಿರುವುದು ಲೋಹದ ಕವಾಟ, ಬಿಟ್ಟಿದ್ದು ಅಸಿಟ್ರೋಮ್, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಕುರ್ಚಿಯಿಂದ ಎಬ್ಬಿಸಿ, ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ಅವತ್ತೇ ಮಾತ್ರೆ ಮತ್ತೆ ಶುರುವಾಯಿತು. ಅದು ಹಿಡಿಯುವವರೆಗೆ ಹೆಪ್ಪು ತಡೆಯಲು ಹೆಪಾರಿನ್ ಇಂಜೆಕ್ಷನ್.

ಹೊಸದರಲ್ಲಿ ನಾನೂ "ಐದು ದಿನ ನಿಲ್ಲಿಸಿ ಬನ್ನಿ" ಅಂತಲೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಬಾಯಿಯ ರಕ್ತ ನನ್ನ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಕವಾಟದ ಮೇಲೆ ಕಟ್ಟಿದ ಹೆಪ್ಪು ಮಿದುಳಿಗೆ ಹೋದರೆ ನಾನೇನು ಮಾಡಲಿ? ಆಸ್ಪಿರಿನ್ ಆದರೆ ಒಂದೆರಡು ದಿನ ಬಿಟ್ಟು ಪ್ರಯೋಜನವೂ ಇಲ್ಲ. ಅದು ತಟ್ಟಿದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಬದುಕಿರುವಷ್ಟು ದಿನವೂ, ಅಂದರೆ 7ರಿಂದ 10 ದಿನ, ಕೆಲಸಕ್ಕೆ ಬಾರದು.

ಎರಡು ವಾರದ ನಂತರ ಅಮ್ಮ ಮತ್ತೆ ಬಂದರು. ಹಿಂದಿನ ದಿನದ ಐಎನ್‌ಆರ್ 2.8. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ ಇದು. ಈ ಮಾತ್ರೆ ತಗೊಳ್ಳದವರಲ್ಲಿ ಸುಮಾರು 1 ಇರುತ್ತದೆ. 3.5 ದಾಟಿದ್ದರೆ ನಾನು ಕೈ ಹಾಕುವುದಿಲ್ಲ. ಇಂಥವರನ್ನು ಬೆಳಿಗ್ಗೆಯೇ ಕರೆಯುತ್ತೇನೆ. ರಕ್ತ ಒಸರಿದರೆ ಹಗಲಿರುವಾಗಲೇ ವಾಪಸ್ ಬರಬಹುದು ಅಲ್ವಾ.

ಕೆಳಗಿನ ಒಂದೇ ದವಡೆ ಹಲ್ಲು ಕಿತ್ತೆ. ಗುಳಿಯಲ್ಲಿದ್ದ ಕೀವಿನ ಮಾಂಸ ಪೂರ್ತಿ ಕೆರೆದೆ. ಅದನ್ನು ಉಳಿಸಿದರೆ ರಕ್ತ ಜಾಸ್ತಿ ಒಸರುವುದು ಅಲ್ಲಿಂದಲೇ. ಜೆಲಾಟಿನ್ ಸ್ಪಂಜ್ ಇಟ್ಟು, ಎರಡು ಹೊಲಿಗೆ ಹಾಕಿ, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಕಚ್ಚಿಸಿದೆ. ಗಡಿಯಾರ ನೋಡಿ ಅರ್ಧ ಗಂಟೆ ಕೂರಿಸಿದೆ.

ಆದರೂ ಸಂಜೆ ಮಗ ಕರೆದುಕೊಂಡು ಬಂದ. ನಿಂತಿದೆಯಾ ಅಂತ ಅಮ್ಮ ಮತ್ತೆ ಮತ್ತೆ ಗಾಜ್ ತೆಗೆದು ನೋಡಿದ್ದರು, ಉಗುಳುತ್ತಲೇ ಇದ್ದರು. ಬಾಯಿ ತೆರೆಸಿದರೆ ಗುಳಿಯ ಮೇಲೆ ಕಪ್ಪುಗೆಂಪು ಮುದ್ದೆ, ಜೆಲ್ಲಿಯಂತೆ ಅಲುಗಾಡುತ್ತಿತ್ತು. ನಮ್ಮವರು ಲಿವರ್ ಕ್ಲಾಟ್ ಅನ್ನುತ್ತಾರೆ. ಹೊಸಬರು ಅದರ ಮೇಲೆಯೇ ಗಾಜ್ ತುರುಕುತ್ತಾರೆ. ಒತ್ತಡ ಮುದ್ದೆಯ ಮೇಲೆ ಬೀಳುತ್ತದೆ, ಅಡಿಯಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಅದನ್ನು ಪೂರ್ತಿ ಒರೆಸಿ ತೆಗೆದು, ಗುಳಿಯ ಮೇಲೆ ನೇರವಾಗಿ ಬೆರಳಿಂದ ಒತ್ತಿ ಹಿಡಿದೆ. ಇಪ್ಪತ್ತು ನಿಮಿಷಕ್ಕೆ ನಿಂತಿತು.

ಗುಳಿಯಲ್ಲಿ ಗಟ್ಟಿಯಾಗಿ ಕೂತ ಹೆಪ್ಪೇ ಮುಂದೆ ಗಾಯ ಮಾಯಲು ಬುನಾದಿ. ಅದಕ್ಕೇ 24 ಗಂಟೆ ಮುಕ್ಕಳಿಸಬೇಡಿ, ಉಗುಳಬೇಡಿ ಅನ್ನುವುದು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟೆ. ಐಬುಪ್ರೊಫೇನ್ ಬೇಡವೇ ಬೇಡ. ಹಲ್ಲಿನ ಸೋಂಕಿಗೆ ಸುಮ್ನೆ ಬರೆದುಬಿಡುವ ಮೆಟ್ರೊನಿಡಜೋಲ್ ಕೂಡ ಐಎನ್‌ಆರ್ ಏರಿಸುತ್ತದೆ.

ಏಳನೇ ದಿನ ಹೊಲಿಗೆ ಬಿಚ್ಚಿದೆ. ಕೆನ್ನೆ ಸ್ವಲ್ಪ ನೀಲಿಗಟ್ಟಿತ್ತು, ಒಸಡು ಮಾತ್ರ ಚೆನ್ನಾಗಿ ಕೂಡಿಕೊಳ್ಳುತ್ತಿತ್ತು. "ಮೇಲಿನದೂ ಒಂದು ಅಲ್ಲಾಡ್ತಿದೆ ಡಾಕ್ಟ್ರೇ. ಅದಕ್ಕೂ ಮಾತ್ರೆ ಬಿಡೋದು ಬೇಡ ಅಲ್ವಾ?" ಅಂತ ಕೇಳಿದರು. ಬೇಡಮ್ಮ ಅಂದೆ. ಐಎನ್‌ಆರ್‌ಗೆ ಚೀಟಿ ಬರೆದುಕೊಟ್ಟೆ.