ಕಾಲು ಮೇಲೆ ಬಾರದ ವಯಸ್ಸಿನಲ್ಲಿ ಸೈಕಲ್ಲು ಕೊಂಡದ್ದು

ನಲವತ್ತು ವರ್ಷ ಸೈಕಲ್ ತುಳಿದವನಿಗೆ ಸೈಕಲ್ ಆರಿಸುವುದನ್ನು ಯಾರು ಹೇಳಿಕೊಡಬೇಕು ಅಂದುಕೊಂಡಿದ್ದೆ. ಆ ಜಂಬ ಮೊದಲ ಟ್ರಯಲ್‌ನಲ್ಲೇ ಇಳಿಯಿತು. ಎಲೆಕ್ಟ್ರಿಕ್ ಸೈಕಲ್ಲು ಓಡಿದ್ದೇನೋ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಎಡವಟ್ಟಾದದ್ದು ನಿಲ್ಲಿಸಿ ಇಳಿಯುವಾಗ. ಹಳೇ ರೂಢಿಯಲ್ಲಿ ಬಲಗಾಲನ್ನು ಹಿಂದಿನಿಂದ ಬೀಸಿದೆ. ಅದು ಕ್ಯಾರಿಯರ್ ದಾಟಲಿಲ್ಲ. 24 ಕೆಜಿ ಸೈಕಲ್ಲು ನನ್ನ ಕಡೆಗೇ ವಾಲಿತು, ಇಬ್ಬರೂ ಒಟ್ಟಿಗೆ ಮಲಗಿದೆವು. ಮೊಣಕೈ ತರಚಿತು, ಅಷ್ಟೇ. ಆಗ ನನಗೆ 66.

ಅಲ್ಲಿಯವರೆಗೆ ನನ್ನ ಪಟ್ಟಿಯಲ್ಲಿದ್ದದ್ದು ಮೋಟರ್ ಎಷ್ಟು ವಾಟ್, ಒಂದು ಚಾರ್ಜಿಗೆ ಎಷ್ಟು ದೂರ, ಎಷ್ಟು ಗೇರು. ಆ ಚೀಟಿ ಹರಿದು ಹಾಕಿದೆ. ಮಂಡಿ ಬಿಗಿದುಕೊಂಡಿದ್ದ ಒಂದು ಸಂಜೆ, ಏನನ್ನೂ ಹಿಡಿಯದೆ ಪಾದ ಎಷ್ಟೆತ್ತರ ಬರುತ್ತದೆ ನೋಡಿ ಗೋಡೆಗೆ ಪೆನ್ಸಿಲ್ ಗೀಟು ಹಾಕಿದೆ. 45 ಸೆಂ.ಮೀ. ಬಂತು. ಬೆಳಗ್ಗೆ ಅಳೆದಿದ್ದರೆ ಇನ್ನೂ ಒಂದಿಷ್ಟು ಮೇಲೆ ಬರುತ್ತಿತ್ತು, ಆದರೆ ಸೈಕಲ್ಲಿಂದ ಇಳಿಯಬೇಕಾಗುವುದು ದಣಿದ ಹೊತ್ತಲ್ಲೇ ಅಲ್ಲವೇ? ಆ ಗೀಟಿಗಿಂತ ತಗ್ಗಾದ ಫ್ರೇಮು ಬೇಕು ಅಂತ ತೀರ್ಮಾನವಾಯಿತು. ಅಂದರೆ ನಾವು ಹುಡುಗರಾಗಿದ್ದಾಗ ಲೇಡೀಸ್ ಸೈಕಲ್ ಅಂತ ನಗುತ್ತಿದ್ದ ಬಾಗಿದ ಫ್ರೇಮು. ‘ಕೊನೆಗೂ ಬುದ್ಧಿ ಬಂತಲ್ಲ’ ಅಂದಳು ನನ್ನಾಕೆ.

ನಡುವೆ ಒಂದು ಆಸೆ ಹುಟ್ಟಿತ್ತು: ಮನೆಯಲ್ಲಿರುವ ಹಳೇ ಸೈಕಲ್ಲಿಗೇ ಮೋಟರ್ ಕಿಟ್ ಕೂರಿಸಿದರೆ ಹೇಗೆ? ಎಲ್ಲಕ್ಕಿಂತ ಅಗ್ಗದ ದಾರಿ ಅದೇ. ಆದರೆ ಕಾಲೆತ್ತಿ ದಾಟಬೇಕಾದ ಅಡ್ಡ ಕಂಬಿ ಅಲ್ಲೇ ಇರುತ್ತದೆ, ಸವೆದ ಬ್ರೇಕೂ ಅದೇ. ಮುಂದಿನ ಚಕ್ರಕ್ಕೆ ಮೋಟರ್ ಹಾಕಿದರೆ ಅದರ ಅಚ್ಚು ತಿರುಗದ ಹಾಗೆ ಫೋರ್ಕಿಗೆ ಗಟ್ಟಿ ಆಸರೆಯನ್ನೂ ಕೊಡಬೇಕು. ಕೈಬಿಟ್ಟೆ.

ಮುಂದೆ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಸೆನ್ಸರ್ ವಿಷಯಕ್ಕೆ, ಅಂದರೆ ನಾವು ತುಳಿಯುವುದನ್ನು ಗಮನಿಸಿ ಮೋಟರಿಗೆ ಸುಳಿವು ಕೊಡುವ ಸಾಧನ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಕೇಡೆನ್ಸ್ ಸೆನ್ಸರ್. ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಗೊತ್ತು. ನೀವು ಜೋರಾಗಿ ಒತ್ತಿದಿರೋ ಸುಮ್ಮನೆ ಕಾಲಾಡಿಸಿದಿರೋ, ಅದಕ್ಕೆ ಎರಡೂ ಒಂದೇ. ಅರ್ಧ ಸುತ್ತು ತುಳಿದ ಮೇಲೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಮೋಟರ್ ಏಳುತ್ತದೆ, ತುಳಿಯುವುದು ನಿಲ್ಲಿಸಿದರೂ ಒಂದು ಕ್ಷಣ ಎಳೆಯುತ್ತದೆ. ಟಾರ್ಕ್ ಸೆನ್ಸರ್ ಹಾಗಲ್ಲ, ಪಾದ ಎಷ್ಟು ಒತ್ತುತ್ತದೋ ಅದಕ್ಕೆ ತಕ್ಕ ಹಾಗೆ ಮೋಟರೂ ಕೈಜೋಡಿಸುತ್ತದೆ. ಬೆಲೆಯೂ ಹೆಚ್ಚು. ವಯಸ್ಸಾದವರು ಟಾರ್ಕ್ ಸೆನ್ಸರನ್ನೇ ಕೊಳ್ಳಬೇಕು ಅಂತ ತಿಳಿದವರೆಲ್ಲ ಹೇಳಿದರು. ಎರಡನ್ನೂ ಓಡಿಸಿ ನೋಡಿದೆ. ತಿರುವಿನಲ್ಲಿ, ನಿಧಾನಕ್ಕೆ ಹೋಗುವಾಗ ಟಾರ್ಕೇ ವಾಸಿ, ಅದರಲ್ಲಿ ಅನುಮಾನವಿಲ್ಲ. ಆದರೆ ಏರು ಬಂದಾಗ ಅದು ನನ್ನ ಮಂಡಿಯಿಂದಲೂ ಪಾಲು ಕೇಳಿತು. ಕೇಡೆನ್ಸ್‌ನದು ಹಾಗಲ್ಲ, ಕಾಲು ಸುಮ್ಮನೆ ತಿರುಗಿದರೂ ಮೋಟರ್ ಎಳೆಯುತ್ತದೆ. ಮಂಡಿ ನೋವಿನವನಿಗೆ ಅಗ್ಗದ್ದೇ ಹಿತವಾಯಿತು.

ಆದರೆ ಒಂದು ಷರತ್ತು ಹಾಕಿಕೊಂಡೆ: ಬ್ರೇಕ್ ಹಿಡಿ ಮುಟ್ಟಿದ ತಕ್ಷಣ ಮೋಟರ್ ಬಂದ್ ಆಗಬೇಕು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೆಲದಿಂದ ಎತ್ತಿ, ಪೆಡಲನ್ನು ಕೈಯಲ್ಲಿ ತಿರುಗಿಸಿ, ಹಿಡಿಯನ್ನು ಬೆರಳಿನಿಂದ ತುಸುವೇ ಒತ್ತಿ ನೋಡಿದೆ. ಒಂದರಲ್ಲಿ ಹಿಡಿ ಅರ್ಧ ಬರುವವರೆಗೂ ಮೋಟರ್ ಗುಂಯ್‌ಗುಡುತ್ತಲೇ ಇತ್ತು. ಅದನ್ನು ಅಲ್ಲೇ ಬಿಟ್ಟು ಬಂದೆ. ಈಗಲೂ ತಿರುವಿನಲ್ಲಿ ನನ್ನ ಎರಡು ಬೆರಳು ಬ್ರೇಕಿನ ಮೇಲೇ ಇರುತ್ತವೆ.

ಬ್ಯಾಟರಿ ಲೆಕ್ಕ ಸುಲಭ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಅದರಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಅಂತ ಸಿಗುತ್ತದೆ: 36 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 360 ವಾಟ್-ಅವರ್. ನನ್ನ ಬಳಕೆಯಲ್ಲಿ ಕಿ.ಮೀ.ಗೆ ಸುಮಾರು 10 ವಾಟ್-ಅವರ್ ಖರ್ಚಾಗುತ್ತದೆ, ಅಂದರೆ 36 ಕಿ.ಮೀ. ಡಬ್ಬದ ಮೇಲೆ ಬರೆದಿದ್ದದ್ದು 80. ಅದು ಯಾವ ಸಣಕಲು ಹುಡುಗನನ್ನು ಯಾವ ಇಳಿಜಾರಿನಲ್ಲಿ ಕೂರಿಸಿ ಅಳೆದದ್ದೋ! ನನ್ನ ದಿನದ ಓಡಾಟ 12 ಕಿ.ಮೀ., ಹಾಗಾಗಿ ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯಲಿಲ್ಲ. ಬೀಗ ತೆಗೆದು ಬಿಚ್ಚಿ ಒಳಗೆ ಒಯ್ಯುವಂಥದ್ದಾಗಿರಬೇಕು, ಅದರ ತೂಕ ಎರಡೂವರೆ ಕೆಜಿ. ಅಂಗಡಿಯವರಿಗೆ ನಾನು ಕೇಳಿದ ಮುಖ್ಯ ಪ್ರಶ್ನೆ, ಮೂರ್ನಾಲ್ಕು ವರ್ಷದ ಮೇಲೆ ಇದೇ ಅಳತೆಯ ಬ್ಯಾಟರಿ ಸಿಗುತ್ತದೆಯೇ ಅಂತ. ಇಬ್ಬರು ಮಾತು ಮರೆಸಿದರು. ಸಿಗದಿದ್ದರೆ ಇಡೀ ಸೈಕಲ್ಲೇ ಗುಜರಿಗೆ. ಹೆಸರಿಲ್ಲದ ಅಗ್ಗದ ಬ್ಯಾಟರಿಯನ್ನಂತೂ ಮುಟ್ಟಬೇಡಿ. ಲಿಥಿಯಂಗೆ ಬೆಂಕಿ ಹತ್ತಿದರೆ ಆರಿಸುವುದು ಸುಲಭವಲ್ಲ. ಜೊತೆಗೆ ಬಂದ ಚಾರ್ಜರ್ರಲ್ಲೇ, ಎಚ್ಚರವಿರುವ ಹೊತ್ತಲ್ಲೇ ಚಾರ್ಜ್ ಮಾಡುತ್ತೇನೆ.

ಉಳಿಸಿದ ದುಡ್ಡನ್ನೆಲ್ಲ ಬ್ರೇಕಿಗೆ ಹಾಕಿದೆ. ನನ್ನ ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ. ಕೇಬಲ್ ಬ್ರೇಕ್ ಹಿಡಿಯಬಲ್ಲೆ, ಗಟ್ಟಿಯಾಗಿ ಹಿಡಿಯಲಾರೆ. ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಆಯಿಲ್ ಬ್ರೇಕಿಗೆ ಒಂದು ಬೆರಳು ಸಾಕು. ಮುಂದಿನ ಶಾಕ್ ಅಬ್ಸಾರ್ಬರ್, ಬಣ್ಣದ ಡಿಸ್‌ಪ್ಲೇ ಯಾವುದೂ ಬೇಡ ಅಂದೆ. ಅಗ್ಗದ ಶಾಕ್ ಅಬ್ಸಾರ್ಬರ್ ತೂಕ ಏರಿಸುವುದೇ ಹೆಚ್ಚು. ದಪ್ಪ ಟಯರು ಹಾಕಿ ಗಾಳಿ ಒಂಚೂರು ಕಡಿಮೆ ಇಟ್ಟರೆ ಕುಲುಕಾಟ ತಾನೇ ತಗ್ಗುತ್ತದೆ.

ಸೀಟು ಮಾತ್ರ ತಿಳಿದವರು ಹೇಳಿದಷ್ಟು ಎತ್ತರಕ್ಕೆ ಇಡಲಿಲ್ಲ. ಕೂತಲ್ಲಿಂದಲೇ ಎರಡೂ ಪಾದದ ಮುಂಭಾಗ ನೆಲ ಮುಟ್ಟಬೇಕು. ಇನ್ನೂ ತಗ್ಗಿಸಿ ನೋಡಿದೆ, ಮೂರೇ ದಿನಕ್ಕೆ ಮಂಡಿ ಜಗಳ ತೆಗೆಯಿತು.

ಕೊಳ್ಳುವ ಮೊದಲು ಪಂಚರ್ ಹಾಕುವವರ ಹತ್ತಿರ ಹೋಗಿ, ಮೋಟರ್ ಇರುವ ಹಿಂದಿನ ಚಕ್ರ ಬಿಚ್ಚುತ್ತೀರಾ ಅಂತ ಕೇಳಿದ್ದೆ. ‘ವೈರು ಎಲ್ಲಿ ಬಿಚ್ಚಬೇಕು ಅಂತ ತೋರಿಸಿದ್ರೆ ಸಾಕು ಸಾರ್, ಮಿಕ್ಕಿದ್ದೆಲ್ಲ ಸೈಕಲ್ಲೇ ಅಲ್ವಾ’ ಅಂದರು. ಬ್ಯಾಟರಿ ಖಾಲಿಯಾದಾಗಲೂ ಅದು ಸೈಕಲ್ಲೇನಾ ಅಂತ ನೋಡಲು ಟ್ರಯಲ್‌ನಲ್ಲಿ ಮೋಟರ್ ಆಫ್ ಮಾಡಿ ಒಂದು ಸುತ್ತು ತುಳಿದೆ. ಸಮತಟ್ಟಿನಲ್ಲಿ ಪರವಾಗಿಲ್ಲ. ಏರಿನಲ್ಲಿ ಇಳಿದು ತಳ್ಳಬೇಕಾಯಿತು.

ಎರಡು ವರ್ಷವಾಯಿತು. ಮೊನ್ನೆ ಗೋಡೆಯ ಹತ್ತಿರ ನಿಂತು ಮತ್ತೆ ಅಳೆದೆ. ಗೀಟು 42ಕ್ಕೆ ಇಳಿದಿದೆ. ಫ್ರೇಮಿನ ಎತ್ತರ 38. ನಡುವೆ ಇನ್ನೂ ಎರಡು ಬೆರಳು ಜಾಗವಿದೆ.